ಮೂವತ್ತೇಳು ಎಡಗಿವಿಗಳು

ಎಲ್ಲಕ್ಕೂ ಕಾರಣ ಎರಡು ಗೀಟು. ದೊಡ್ಡ ಗೀಟೂ ಅಲ್ಲ. ಇರುವೆಯ ಕಾಲಿನಷ್ಟು ಉದ್ದದ, ಅಕ್ಕಪಕ್ಕ ನಿಂತ ಎರಡು ಪುಟ್ಟ ಗೀಟು. ಮೇಲಿನ ಸಾಲಿನಲ್ಲಿ ಬರೆದದ್ದೇ ಕೆಳಗಿನ ಸಾಲಿಗೂ ಎಂದು ತೋರಿಸಲು ಗುಮಾಸ್ತರು ಹಾಕುತ್ತಾರಲ್ಲ, ಆ ಡಿಟ್ಟೋ ಗುರುತು. ಬರೆಯುವವರ ಕೈನೋವು ತಪ್ಪಲಿ ಎಂದು ಯಾರೋ ಪುಣ್ಯಾತ್ಮ ಕಂಡುಹಿಡಿದ ಆ ಗುರುತು, ದುಂಡಣ್ಣನ ಮಾನ ತೆಗೆಯಲು ಹತ್ತೊಂಬತ್ತು ವರ್ಷ ಕಾದು ಕೂತಿತ್ತು.

ದುಂಡಣ್ಣ ಅಷ್ಟೂ ವರ್ಷದಿಂದ ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತ. ಅದು ಹೆತ್ತವರು ಇಟ್ಟ ಹೆಸರಲ್ಲ, ಆಸ್ಪತ್ರೆಯವರು ಇಟ್ಟದ್ದು. ಹಾಗಂತ ಆಳು ದುಂಡಗಿದ್ದಾನೆ ಅಂದುಕೊಳ್ಳಬೇಡಿ. ಅಡಿಕೋಲಿಗೆ ಅಂಗಿ ತೊಡಿಸಿದಂತಿದ್ದ. ದುಂಡಗಿದ್ದದ್ದು ಅವನ ಅಕ್ಷರ. ಡಾಕ್ಟರುಗಳ ಬರಹ ಓದಿ ಓದಿ ಕಣ್ಣು ಕೆಡಿಸಿಕೊಂಡವರು ಅವನ ರಿಜಿಸ್ಟರು ನೋಡಿ ಕಣ್ಣು ತಂಪು ಮಾಡಿಕೊಳ್ಳುತ್ತಿದ್ದರು. "ದುಂಡಣ್ಣ ಬರೆದಿದ್ದಾನೆ ಅಂದ್ರೆ ಮುಗೀತು, ಮತ್ತೆ ನೋಡೋದೇನಿದೆ?" ಎಂಬ ಮಾತು ಆ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಇತ್ತು. ದುಂಡಣ್ಣ ತಲೆಯೆತ್ತಿ ನಡೆಯುತ್ತಿದ್ದದ್ದೇ ಆ ಒಂದು ಮಾತಿನ ಬಲದಿಂದ.

ಆ ದಿನ ಬೆಳಿಗ್ಗೆ ಅವನು ಇನ್ನೂ ಕುರ್ಚಿಯ ಧೂಳು ಒರೆಸುತ್ತಿದ್ದಾಗಲೇ ಮೇಜಿನ ಮೇಲಿನ ಹಳೇ ಫೋನು ಹೊಡೆದುಕೊಂಡಿತು. ಮನೆಯಿಂದ ಹೆಂಡತಿ.

"ರೀ, ಮಹಡಿ ಮನೆಯವರು ಇವತ್ತು ಏನಂದ್ರು ಗೊತ್ತಾ..."

"ಹೂಂ. ಆಯ್ತು. ಇಡ್ತೀನಿ."

"ಇನ್ನೂ ನಾನು ಹೇಳೇ ಇಲ್ವಲ್ಲ, ಆಗೋದೇನು ಬಂತು? ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು, ಒಂದು ದಿನ ಒಂದು ನಿಮಿಷ ಫೋನಲ್ಲಿ ನನ್ನ ಮಾತು ಕೇಳಿದ್ದುಂಟಾ ನೀವು?"

"ಆಫೀಸ್ ಫೋನು ಕಣೇ," ಎಂದು ದುಂಡಣ್ಣ ಇಟ್ಟುಬಿಟ್ಟ.

ಇಟ್ಟ ಕೈ ಇನ್ನೂ ಫೋನಿನ ಮೇಲಿತ್ತು, ರೇಡಿಯೋ ಒಳಗೆ ನುಗ್ಗಿದ. ರೇಡಿಯೋ ಎಂದರೆ ವಾರ್ಡಿನ ಅಟೆಂಡರು. ಆಸ್ಪತ್ರೆಯಲ್ಲಿ ಯಾರು ಸೀನಿದರೂ ಮೂರು ಮಹಡಿಗೆ ಸುದ್ದಿ ಮುಟ್ಟಿಸುವ ಹೊಣೆಯನ್ನು ತಾನಾಗಿ ಹೊತ್ತುಕೊಂಡಿದ್ದವನು.

"ದುಂಡಣ್ಣ, ಇವತ್ತು ಮೂರು ಗಂಟೆಗೆ ನಿನ್ನ ಹೆಸರು ಪರದೆ ಮೇಲೆ ಬರುತ್ತೆ! ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ!"

"ಯಾವ ಪರದೆ?"

"ಸಭಾಂಗಣದ್ದು. ನಮ್ಮ ಡಾಕ್ಟರಮ್ಮನ ಸಂಶೋಧನೆ ನೋಡೋಕೆ ದೊಡ್ಡ ದೊಡ್ಡ ಪ್ರೊಫೆಸರುಗಳು ಬರ್ತಿದ್ದಾರಂತೆ. ಒಂಬತ್ತು ಜನ ಹಳೇ ಪೇಷಂಟ್‌ಗಳನ್ನ ಕರೆಸಿದ್ದಾರೆ. ಅವರಿಗೆಲ್ಲ ಬ್ರೆಡ್ಡು, ಬಾಳೆಹಣ್ಣು. ಅವರು ತಿಂತಾರೆ, ಇವರು ನೋಡ್ತಾರೆ."

"ತಿನ್ನೋದನ್ನ ನೋಡೋಕೆ ಪ್ರೊಫೆಸರು ಯಾಕಪ್ಪಾ ಬರಬೇಕು?"

"ತಿನ್ನೋದನ್ನಲ್ಲ ಮಾರಾಯ, ಕಿವಿನ. ಎಡಗಿವಿನ. ಏನೋ ಹೊಸ ಕಾಯಿಲೆಯಂತೆ, ಪ್ರಪಂಚದಲ್ಲಿ ಎಲ್ಲೂ ಇಲ್ವಂತೆ. ನಮ್ಮಲ್ಲಿ ಮೂವತ್ತೇಳು ಜನಕ್ಕಿದೆ. ಎಲ್ಲಾ ನೀನು ಬರೆದ ರಿಜಿಸ್ಟರಿಂದ ಸಿಕ್ಕಿದ್ದು!"

ದುಂಡಣ್ಣನಿಗೆ ಮೊದಲು ಹೆಮ್ಮೆಯಾಯಿತು. ಅದರ ಹಿಂದೆಯೇ ಅನುಮಾನ ಬಂತು. ಎಡಗಿವಿಯ ವಿಷಯ ತಾನು ಬರೆದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಒಂದೇ ಒಂದು ಸಲ ಬರೆದದ್ದು.

ಆಪರೇಷನ್ ಆದ ಮೇಲೆ ಯಾರಿಗೆ ಏನೇನು ತೊಡಕು ಬಂತು ಎಂದು ಎಂಟು ವರ್ಷದ ಹಳೇ ಕಡತಗಳಿಂದ ಹೆಕ್ಕಿ ಬರೆಯಲು ಡಾಕ್ಟರಮ್ಮ ಅವನಿಗೆ ಹೇಳಿದ್ದು ಹೋದ ವರ್ಷ. ರೋಗಿಯ ಸಂಖ್ಯೆ, ವಯಸ್ಸು, ಆಪರೇಷನ್ನು, ತೊಡಕು ಎಂದು ನಾಲ್ಕು ಕಾಲಮ್ಮು. ಅವನು ಆ ರಿಜಿಸ್ಟರನ್ನು ಬೀರುವಿನಿಂದ ತೆಗೆದು, ಬೆರಳಿಗೆ ಉಗುಳು ಹಚ್ಚಿ ಪುಟ ತಿರುವತೊಡಗಿದ.

ಆಸ್ಪತ್ರೆಯ ಪುಣ್ಯಕ್ಕೆ ಹೆಚ್ಚಿನವರಿಗೆ ತೊಡಕೇನೂ ಬಂದಿರಲಿಲ್ಲ. ಹಾಗಾಗಿ ಪ್ರತಿ ಪುಟದ ಮೊದಲ ಸಾಲಿನ ಕೊನೆಯಲ್ಲಿ ಅವನು ದುಂಡಗೆ "ಇಲ್ಲ" ಎಂದು ಬರೆದು, ಕೆಳಗೆ ಪುಟ ತುಂಬುವ ತನಕ ಎರಡೆರಡು ಗೀಟು ಎಳೆದಿದ್ದ. ಹೀಗೆ ಪುಟದ ಮೇಲೆ ಪುಟ. ಇಪ್ಪತ್ತಮೂರನೆಯ ಪುಟದ ಮೇಲ್ಭಾಗದಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರು ಬಂದಿದ್ದರು. ಕಿವಿಯ ಕೆಳಗಿನ ಗ್ರಂಥಿ ತೆಗೆದದ್ದು. ಊಟ ಮಾಡುವಾಗ ಎಡಗಿವಿ ಕೆಂಪಾಗಿ ಬೆವರುತ್ತದೆ. ಅದನ್ನು ಅವನು ಚಾಚೂ ತಪ್ಪದೆ ಬರೆದಿದ್ದ. ಅದರ ಕೆಳಗಿನ ಸಾಲಿನಲ್ಲಿದ್ದದ್ದು ಒಂದು ಅಪೆಂಡಿಕ್ಸು. ತೊಡಕಿಲ್ಲ. ತೊಡಕಿಲ್ಲದವರಿಗೆ ಅವನ ಕೈ ಏನು ಮಾಡಿ ರೂಢಿಯಾಗಿತ್ತೋ ಅದನ್ನೇ ಮಾಡಿತ್ತು. ಎರಡು ಗೀಟು. ಅದರ ಕೆಳಗಿನದು ಹರ್ನಿಯಾ, ಎರಡು ಗೀಟು. ಅವನ ಮನಸ್ಸಿನಲ್ಲಿ ಆ ಗೀಟಿನ ಅರ್ಥ "ಇಲ್ಲ" ಎಂದು. ಕಾಗದದ ಮೇಲೆ ಅದರ ಅರ್ಥ ಬೇರೆಯೇ ಆಗಿತ್ತು. ಪುಟದ ತಳದವರೆಗೆ ಎಣಿಸಿದ: ಮೂವತ್ತಾರು. ಮೇಷ್ಟ್ರು ಸೇರಿದರೆ ಮೂವತ್ತೇಳು.

ಅವನು ರಿಜಿಸ್ಟರು ಅಪ್ಪಿಕೊಂಡು ಪಕ್ಕದ ಕೋಣೆಯ ಟೈಪಿಸ್ಟಕ್ಕನ ಬಳಿ ಓಡಿದ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದು ಅವಳು.

"ಅಕ್ಕಾ, ಇಪ್ಪತ್ತಮೂರನೇ ಪುಟ... ನಿನಗೆ ಅನುಮಾನ ಬರಲಿಲ್ವಾ? ಹರ್ನಿಯಾ ಆಪರೇಷನ್ ಮಾಡಿದ್ರೆ ಕಿವಿ ಯಾಕೆ ಕೆಂಪಾಗುತ್ತೆ?"

"ನನ್ನ ಕೆಲಸ ಟೈಪ್ ಮಾಡೋದಪ್ಪ, ಅನುಮಾನ ಪಡೋದಲ್ಲ. ಡಿಟ್ಟೋ ಇತ್ತು, ಮೇಲಿದ್ದದ್ದನ್ನ ಕೆಳಗೆ ಹಾಕಿದೆ. ಮೂವತ್ತಾರು ಸಲ ಹಾಕಿದ್ದೀನಿ, ಬೆರಳು ನೋಡು," ಎಂದು ಅವಳು ಕೈ ಚಾಚಿದಳು. ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದಳು. "ತಪ್ಪಾಗಿದೆಯಾ? ಹಾಗಿದ್ರೆ ಬಾಯಿಗೆ ಬೀಗ ಹಾಕ್ಕೋ. ನಾನೂ ಹಾಕ್ಕೋತೀನಿ. ಯಾರು ಹೋಗಿ ಕಿವಿ ನೋಡ್ತಾರೆ?"

"ಮೂರು ಗಂಟೆಗೆ ಅದನ್ನೇ ನೋಡೋದಂತೆ ಅಕ್ಕಾ!"

ಟೈಪಿಸ್ಟಕ್ಕ ಕೀಲಿಮಣೆಯಿಂದ ಕೈ ತೆಗೆದಳು. "ಅಯ್ಯೋ ದೇವರೇ," ಎಂದಳು. ಅವಳಿಂದ ಸಿಕ್ಕ ಸಹಾಯ ಅಷ್ಟೇ.

ಹೇಳಿಬಿಡುವುದೇ ಸರಿ ಎಂದು ದುಂಡಣ್ಣ ಡಾಕ್ಟರಮ್ಮನ ಕೋಣೆಗೆ ಹೋದ. ಆರು ವರ್ಷದ ಹಿಂದೆ ಅವನ ಅಪೆಂಡಿಕ್ಸು ತೆಗೆದವರೂ ಅವರೇ. ಹೊಟ್ಟೆ ಕೊಯ್ದ ಮರುದಿನ ಹಾಸಿಗೆಯ ಬಳಿ ಕೂತು, ಗಂಜಿ ಕುಡಿದೆಯಾ ಎಂದು ತಾಯಿಯಂತೆ ಕೇಳಿದ್ದರು. ಅವರ ಮುಂದೆ ನಿಂತು ಹೇಳಬೇಕಿತ್ತು. ಡಾಕ್ಟರಮ್ಮ ಅಂದು ಹೊಸ ಬಿಳಿ ಕೋಟು ತೊಟ್ಟು, ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದರು.

"ಬನ್ನಿ ಬನ್ನಿ, ನಿಮ್ಮನ್ನೇ ನೆನೆಸ್ಕೊಂಡೆ. ಮೂವತ್ತೊಂದು ವರ್ಷ ಕಂಡವರ ಹೊಟ್ಟೆ ಕೊಯ್ದು ಹೊಲಿದೆ. ಇದು ನಾನು ಕಂಡುಹಿಡಿದದ್ದು ಅಂತ ಹೇಳಿಕೊಳ್ಳೋಕೆ ಒಂದು ಸಣ್ಣ ವಿಷಯ ಇರಲಿಲ್ಲ. ಬರೋ ತಿಂಗಳು ರಿಟೈರು. ಇನ್ನೇನು ಬರಿಗೈಲಿ ಮನೆಗೆ ಹೋಗೋದೇ ಅಂದ್ಕೊಂಡಿದ್ದೆ, ನಿಮ್ಮ ರಿಜಿಸ್ಟರು ನನ್ನ ಕೈ ಹಿಡೀತು."

ದುಂಡಣ್ಣ ಕೈಯಲ್ಲಿದ್ದ ರಿಜಿಸ್ಟರನ್ನು ಬಿಚ್ಚಿ ಮತ್ತೆ ಮುಚ್ಚಿದ. "ಮೇಡಂ, ಅದು... ಇಪ್ಪತ್ತಮೂರನೇ ಪುಟ... ಒಂದು ಸಲ ಎಲ್ಲರಿಗೂ ಫೋನ್ ಮಾಡಿ ಕೇಳಿಬಿಡಲಾ? ಖಾತ್ರಿಗೆ?"

"ನೋಡಿದ್ರಾ! ಎಲ್ಲಾ ಮುಗಿದ ಮೇಲೂ ಇನ್ನೊಮ್ಮೆ ಕೇಳ್ತೀನಿ ಅಂತೀರಲ್ಲ, ಈ ಜವಾಬ್ದಾರಿ ಎಷ್ಟು ಜನಕ್ಕಿದೆ?" ಎಂದು ಡಾಕ್ಟರಮ್ಮ ಎದ್ದು ಬಂದು ಅವನ ಬೆನ್ನು ತಟ್ಟಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೆನ್ನು ತಟ್ಟಿಸಿಕೊಂಡು ಹೊರಗೆ ಬಂದಾಗ, ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ.

ಆದರೂ ಒಂದು ದಾರಿ ಸಿಕ್ಕಿತ್ತು. ಮೂವತ್ತಾರು ಜನರನ್ನೂ ಕೇಳಿ, ಅವರ ಬಾಯಿಂದಲೇ "ಇಲ್ಲ" ಅನ್ನಿಸಿ, ಪಟ್ಟಿ ಮಾಡಿ, ಮೂರು ಗಂಟೆಗೆ ಮೊದಲು ಡಾಕ್ಟರಮ್ಮನ ಕೈಗಿಡುವುದು. ಬಾಯಲ್ಲಿ ಹೇಳಲಾಗದ್ದನ್ನು ಕಾಗದ ಹೇಳಲಿ. ಅವನು ಬಾಗಿಲು ಹಾಕಿಕೊಂಡು ಕೂತ. ಬಲಗೈಯಲ್ಲಿ ಪೆನ್ನು. ಎಡಗೈ ಕಡತದ ಮೇಲೆ. ಇಟ್ಟಿಗೆಯಷ್ಟು ಭಾರದ ಹಳೇ ಫೋನಿನ ಹಿಡಿಕೆಯನ್ನು ಎಡ ಭುಜಕ್ಕೂ ಎಡಗಿವಿಗೂ ನಡುವೆ ಒತ್ತಿ ಸಿಕ್ಕಿಸಿಕೊಂಡ.

ಮೊದಲು ಸಿಕ್ಕಿದವನು ಹರ್ನಿಯಾದ ಬಸ್ ಕಂಡಕ್ಟರು.

"ನಮಸ್ಕಾರ, ಆಸ್ಪತ್ರೆಯಿಂದ. ನೀವು ಊಟ ಮಾಡುವಾಗ ಎಡಗಿವಿ ಕೆಂಪಾಗುತ್ತಾ?"

"ಇಲ್ವಲ್ಲ. ಯಾಕೆ?"

"ಏನಿಲ್ಲ, ಸುಮ್ನೆ."

"ಸುಮ್ನೆ ಯಾರಾದ್ರೂ ಕಿವಿ ಬಗ್ಗೆ ಕೇಳ್ತಾರೇನ್ರೀ? ಹೊಟ್ಟೆ ಕೊಯ್ದಾಗ ಕಿವಿದು ನರ ಗಿರ ಕತ್ತರಿಸಿಬಿಟ್ಟಿದ್ದೀರಾ? ನಿಜ ಹೇಳಿ! ಲೇ, ಕನ್ನಡಿ ತಗೊಂಬಾ!"

ದುಂಡಣ್ಣ ಫೋನಿಟ್ಟು ಪಟ್ಟಿಯಲ್ಲಿ "ಇಲ್ಲ" ಎಂದು ಪೂರ್ತಿ ಬರೆದ. ಈ ಸಲ ಗೀಟಿನ ಮಾತೇ ಇಲ್ಲ. ಎರಡನೆಯದು ಬೇಕರಿಯಮ್ಮ. ಅವಳೂ ಇಲ್ಲ ಎಂದಳು, ಆಮೇಲೆ ಅಳತೊಡಗಿದಳು, ಆಮೇಲೆ ಫೋನನ್ನು ನಾದಿನಿಗೆ ಕೊಟ್ಟಳು. ನಾದಿನಿ ಎಲ್ಲವನ್ನೂ ಮೊದಲಿನಿಂದ ಕೇಳಿದಳು. ಮೂರನೆಯವನು ಕಿವುಡ, ಅವನಿಗೆ ಕಿವಿಯ ಪ್ರಶ್ನೆಯನ್ನು ಆರು ಸಲ ಕೂಗಿ ಹೇಳುವಷ್ಟರಲ್ಲಿ ವರಾಂಡದಲ್ಲಿ ಜನ ಸೇರಿದರು. ಹನ್ನೆರಡು ಗಂಟೆಗೆ ಹದಿನಾಲ್ಕು ಮುಗಿದಿದ್ದವು. ನಡುವೆ ಒಂದು ಗಂಟೆಗೆ ಹೆಂಡತಿಯ ಫೋನು ಬಂತು. "ರೀ, ಊಟ ಮಾಡಿದ್ರಾ?" ಎಂದಳು. "ಎಡಗಿವಿ..." ಎಂದು ಅಭ್ಯಾಸಬಲದಿಂದ ಶುರುಮಾಡಿ, ನಾಲಿಗೆ ಕಚ್ಚಿಕೊಂಡು ಇಟ್ಟುಬಿಟ್ಟ. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಕಿವಿಯ ಮೇಲೆ ಫೋನು ಇಟ್ಟೂ ಇಟ್ಟೂ, ಕಿವಿ ಯಾವುದು ಫೋನು ಯಾವುದು ಎಂದು ತಿಳಿಯದಷ್ಟು ಅವೆರಡೂ ಒಂದಾಗಿದ್ದವು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಮೂವತ್ತಾರನೆಯ "ಇಲ್ಲ" ಬಿತ್ತು. ಪಟ್ಟಿ ಹಿಡಿದು ಅವನು ಓಡಿದ. ಸಭಾಂಗಣದ ಮುಂದಿನ ವರಾಂಡಕ್ಕೆ ತಿರುಗಿದವನು ಹಾಗೆಯೇ ನಿಂತ.

ಒಂಬತ್ತು ಜನ ಬರಬೇಕಿದ್ದ ಕಡೆ ಮೂವತ್ತೊಂದು ಜನ ಬಂದಿದ್ದರು, ಮನೆಮಂದಿಯೂ ಜೊತೆಗೆ. ಎಲ್ಲರ ಕೈಯೂ ಎಡಗಿವಿಯ ಮೇಲೆ. ಕಂಡಕ್ಟರು ತನ್ನ ಕಿವಿಯನ್ನು ಹಿಂಡಿ ಹಿಂಡಿ ನೋಡಿಕೊಳ್ಳುತ್ತಿದ್ದ. ಬೇಕರಿಯಮ್ಮನ ಕಿವಿಯನ್ನು ನಾದಿನಿ ಎಳೆದು ಬೆಳಕಿಗೆ ಹಿಡಿದಿದ್ದಳು. ಒಬ್ಬರು ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು, ಇನ್ನೊಬ್ಬರು ಬಿಸಿ ಬಟ್ಟೆಯ ಶಾಖ ಕೊಡುತ್ತಿದ್ದರು. "ಬೆಳಿಗ್ಗೆಯಿಂದ ಉಜ್ಜುತ್ತಾ ಇದ್ದೀನಿ, ಕೆಂಪು ಹೋಗ್ತಾನೇ ಇಲ್ಲ!" ಎಂದು ಯಾರೋ ಗೋಳಾಡುತ್ತಿದ್ದರು. ನಿಜವಾದ ರೋಗಿ ಡ್ರಾಯಿಂಗ್ ಮೇಷ್ಟ್ರು ಒಬ್ಬರೇ ಮೂಲೆಯಲ್ಲಿ ಕೂತು ಪೇಪರು ಓದುತ್ತಿದ್ದರು. ಅವರ ಕಿವಿ ಮಾತ್ರ ಸರಿಯಾಗಿತ್ತು.

ರೇಡಿಯೋ ಓಡಿಬಂದ. "ದುಂಡಣ್ಣ, ನಿನ್ನ ಕೈಗುಣ ಏನು ಹೇಳಲಿ! ಒಂಬತ್ತು ಕರೆದರೆ ಇಷ್ಟು ಜನ. ಇನ್ನೂ ಬ್ರೆಡ್ಡು ತರಿಸಬೇಕು!"

ಒಳಗೆ ಎಲ್ಲರೂ ಸಾಲಾಗಿ ಕೂತು ಬ್ರೆಡ್ಡು ತಿಂದರು. ಮೂವರು ಪ್ರೊಫೆಸರುಗಳು ಟಾರ್ಚು ಹಿಡಿದು ಕಿವಿಯಿಂದ ಕಿವಿಗೆ ನಡೆದರು. ಅವರಲ್ಲಿ ಹಿರಿಯರಾದ, ಕೈಯಲ್ಲಿ ಭೂತಗನ್ನಡಿ ಹಿಡಿದ ಬಿಳಿ ಹುಬ್ಬಿನ ಪ್ರೊಫೆಸರು "ಭೇಷ್... ಭೇಷ್..." ಎನ್ನುತ್ತಾ ಬಂದರು. ಮೂವತ್ತೊಂದು ಕಿವಿಯೂ ಮಾಗಿದ ಟೊಮೇಟೊದಂತಿದ್ದವು. ಡಾಕ್ಟರಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಪರದೆಯ ಮೇಲೆ ಅವರ ಹೆಸರು, ಅದರ ಕೆಳಗೆ ದುಂಡಣ್ಣನದು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಿಂದಿನ ಸಾಲಿನಿಂದ ಟೈಪಿಸ್ಟಕ್ಕ ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಅದನ್ನು ಹೇಳುತ್ತಿದ್ದಳು. ಆದರೆ ಬೇಕರಿಯಮ್ಮ ಬ್ರೆಡ್ಡು ನುಂಗಲಾರದೆ ಅಳುತ್ತಿದ್ದಳು, "ನನ್ನ ಮಕ್ಕಳು ಚಿಕ್ಕವು ಡಾಕ್ಟರೇ, ಇದು ಜೀವಕ್ಕೆ ಅಪಾಯವಾ?" ಎಂದು ಕೇಳುತ್ತಿದ್ದಳು. ಅದನ್ನು ದುಂಡಣ್ಣನಿಂದ ನೋಡಲಾಗಲಿಲ್ಲ. ಅವನು ಎದ್ದು ನಿಂತ.

"ಯಾರಿಗೂ ಏನೂ ಆಗಿಲ್ಲ. ಎಲ್ಲಾ ನನ್ನ ತಪ್ಪು."

ಅವನು ರಿಜಿಸ್ಟರು ಬಿಚ್ಚಿ, ಇಪ್ಪತ್ತಮೂರನೆಯ ಪುಟ ಎಲ್ಲರ ಮುಂದೆ ಹಿಡಿದು, ಗೀಟಿನ ಕತೆಯನ್ನು ಹೇಳಿದ. ಫೋನಿನಲ್ಲಿ ಕೇಳಿದ್ದು, ಜನ ಹೆದರಿ ಕಿವಿ ತಿಕ್ಕಿಕೊಂಡದ್ದು, ಎಲ್ಲವನ್ನೂ ಹೇಳಿದ. "ಕಿವಿ ಬಿಡಿ, ಕೈ ತೆಗೀರಿ, ಅರ್ಧ ಗಂಟೇಲಿ ಸರಿಹೋಗುತ್ತೆ," ಎಂದ. ಕಂಡಕ್ಟರು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಜನ ಉಳಿದ ಬಾಳೆಹಣ್ಣು ಕಿಸೆಗೆ ಹಾಕಿಕೊಂಡು ಗೊಣಗುತ್ತಾ ಹೊರಟರು. ಪರದೆಯ ಮೇಲೆ ಮಾತ್ರ ಅವನ ಹೆಸರು ದಪ್ಪಕ್ಷರದಲ್ಲಿ ಹಾಗೆಯೇ ನಿಂತಿತ್ತು. ಅದನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ.

ಡಾಕ್ಟರಮ್ಮ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಬೈಯುತ್ತಾರೆ ಎಂದು ದುಂಡಣ್ಣ ಕಾದ. ಅವರು ಪ್ರೊಫೆಸರುಗಳ ಕಡೆ ತಿರುಗಿ, "ತಪ್ಪು ಅವರದಲ್ಲ, ನನ್ನದು," ಎಂದರು. "ಕಾಗದ ನೋಡಿದೆ. ಒಂದೇ ಒಂದು ಕಿವಿ ಹೋಗಿ ನೋಡಲಿಲ್ಲ. ದುಂಡಣ್ಣ ಬರೆದಿದ್ದಾರೆ ಅಂದ್ರೆ ಮತ್ತೆ ನೋಡೋದೇನಿದೆ ಅಂತ ಬಿಟ್ಟೆ."

ಅವನ ಹತ್ತೊಂಬತ್ತು ವರ್ಷದ ಹೆಮ್ಮೆಯ ಮಾತು ಅದು. ಅವರ ಬಾಯಿಂದ ಹೀಗೆ ಬಂದದ್ದು ಕೇಳಿ ದುಂಡಣ್ಣನಿಗೆ ಮುಖ ಎತ್ತಲಾಗಲಿಲ್ಲ. ತಲೆ ತಗ್ಗಿಸಿ, ತನ್ನ ಚಪ್ಪಲಿಯನ್ನೇ ನೋಡುತ್ತಾ ನಿಂತ.

ಆಗ ಭೂತಗನ್ನಡಿಯ ಪ್ರೊಫೆಸರು ಅವನ ಎಡಗಡೆಗೆ ಬಂದು ನಿಂತರು. ಬಗ್ಗಿ ನೋಡಿದರು. ಬಲಗಡೆಗೆ ಹೋಗಿ ನೋಡಿದರು. ಮತ್ತೆ ಎಡಗಡೆಗೆ ಬಂದರು.

"ನೀವು ಕಿವಿ ತಿಕ್ಕಿಕೊಂಡ್ರಾ?"

"ಇಲ್ಲ ಸಾರ್."

"ನಿಮಗೆ ಏನಾದ್ರೂ ಆಪರೇಷನ್ ಆಗಿದೆಯಾ?"

"ಅಪೆಂಡಿಕ್ಸು ಸಾರ್. ಇಲ್ಲೇ. ಇದೇ ಮೇಡಂ ಮಾಡಿದ್ದು."

ಪ್ರೊಫೆಸರು ಉಳಿದ ಇಬ್ಬರನ್ನೂ ಕೈಬೀಸಿ ಕರೆದರು. ಒಬ್ಬರು ಒಂದು ತುಂಡು ಬ್ರೆಡ್ಡನ್ನು ದುಂಡಣ್ಣನ ಬಾಯಿಗೆ ತುರುಕಿದರು. ಬೆಳಿಗ್ಗೆಯಿಂದ ಉಪವಾಸವಿದ್ದವನು ಗಬಗಬನೆ ಅಗಿದ. "ನೋಡಿ, ನೋಡಿ, ಇನ್ನೂ ಕೆಂಪಾಗ್ತಿದೆ! ಎಡಗಿವಿ ಮಾತ್ರ!" ಎಂದರು ಭೂತಗನ್ನಡಿಯ ಪ್ರೊಫೆಸರು. "ಡಾಕ್ಟರೇ, ನಿಮ್ಮ ಲೆಕ್ಕ ನೋಡಿದಾಗಿನಿಂದ ನನಗೆ ಅದೇ ಚಿಂತೆಯಾಗಿತ್ತು. ಮೂವತ್ತೇಳು ಜನಕ್ಕೆ ಬಂದರೆ ಅದು ಅಪರೂಪ ಹೇಗಾಗುತ್ತೆ? ಗ್ರಂಥಿ ತೆಗೆದವರಿಗೆ ಬರೋದು ಪುಸ್ತಕದಲ್ಲೇ ಇದೆ. ಆದರೆ ಅಪೆಂಡಿಕ್ಸು ತೆಗೆದವರಿಗೆ! ಇದು ನಿಮ್ಮದೇ. ನೀವೇ ಕಂಡುಹಿಡಿದದ್ದು."

ದುಂಡಣ್ಣನಿಗೆ ಥಟ್ಟನೆ ಹೊಳೆಯಿತು. ಫೋನು! ಬೆಳಿಗ್ಗೆಯಿಂದ ಮೂವತ್ತಾರು ಕರೆ, ಭುಜಕ್ಕೂ ಎಡಗಿವಿಗೂ ನಡುವೆ ಒತ್ತಿಟ್ಟ ಇಟ್ಟಿಗೆ. "ಮೇಡಂ, ಅದು ಫೋ..." ಎಂದು ಬ್ರೆಡ್ಡು ತುಂಬಿದ ಬಾಯಲ್ಲೇ ಶುರುಮಾಡಿದ.

ಡಾಕ್ಟರಮ್ಮ ಎದ್ದು ಬಂದರು. ಬೆರಳ ತುದಿಯಿಂದ ಅವನ ಕಿವಿ ಮುಟ್ಟಿದರು. ಒಂದು ನಿಮಿಷದ ಹಿಂದೆ ಬಾಡಿದ್ದ ಅವರ ಮುಖ ಮಗುವಿನ ಮುಖದಂತೆ ಅರಳಿತು. "ಕಾಗದ ಅಲ್ಲ, ಈ ಸಲ ಕಿವೀನೇ ನೋಡಿದ್ದೀನಿ," ಎಂದು ನಕ್ಕರು. "ಬಿಸಿ ಇದೆ. ನಿಮ್ಮ ಕಿವಿ ನನ್ನ ಮರ್ಯಾದೆ ಉಳಿಸ್ತು ಕಣ್ರೀ."

ಒಂದು ದಿನದಲ್ಲಿ ಒಬ್ಬ ಗುಮಾಸ್ತ ಎಷ್ಟು ಸಲ ತಪ್ಪೊಪ್ಪಿಕೊಳ್ಳಬಲ್ಲ? ದುಂಡಣ್ಣನಲ್ಲಿದ್ದ ಧೈರ್ಯವೆಲ್ಲ ಮೊದಲ ಸಲಕ್ಕೇ ಖರ್ಚಾಗಿತ್ತು. ಅವನು "ಫೋ" ಎಂಬುದನ್ನು ಬ್ರೆಡ್ಡಿನ ಜೊತೆ ನುಂಗಿದ. ಗಂಟಲಲ್ಲಿ ಅದು ಇಳಿಯಲು ಬಹಳ ಹೊತ್ತು ಹಿಡಿಯಿತು.

ಆ ಸಂಜೆಯೇ ಹೊಸ ರಿಜಿಸ್ಟರು ಶುರುವಾಯಿತು. ಅದರ ಮೊದಲ ಸಾಲಿನಲ್ಲಿ ದುಂಡಣ್ಣ ತನ್ನದೇ ಕೈಯಿಂದ, ತನ್ನದೇ ದುಂಡಕ್ಷರದಲ್ಲಿ ತನ್ನದೇ ಸುಳ್ಳು ತೊಡಕನ್ನು ಬರೆದ. ಪ್ರತಿ ಗುರುವಾರ ಹತ್ತು ಗಂಟೆಗೆ ಅವನು ಡಾಕ್ಟರಮ್ಮನಿಗೆ ಕಿವಿ ತೋರಿಸಬೇಕೆಂದು ನಿಗದಿಯಾಯಿತು. ಅವರಿಗೆ ನಿವೃತ್ತಿಯಾದ ಮೇಲೂ, ಬರೀ ಅದಕ್ಕಾಗಿ ಅವರು ಬರುತ್ತಾರಂತೆ.

ಮೊದಲ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ದುಂಡಣ್ಣ ದಾಖಲೆ ಕೋಣೆಯ ಬಾಗಿಲು ಹಾಕಿಕೊಂಡ. ಫೋನಿನ ಹಿಡಿಕೆಯನ್ನು ಎಡ ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, ಮನೆಗೆ ಫೋನು ಮಾಡಿದ.

"ಏನ್ರೀ? ಯಾಕೆ? ಏನಾಯ್ತು?" ಹೆಂಡತಿ ಗಾಬರಿಯಾದಳು.

"ಏನಿಲ್ಲ ಕಣೇ. ಆವತ್ತು ಮಹಡಿ ಮನೆಯವರ ಮಾತು ಹೇಳ್ತಿದ್ದೆಯಲ್ಲ. ಹೇಳು, ಕೇಳ್ತೀನಿ. ಅರ್ಧ ಗಂಟೆ ಬಿಡುವಿದೆ."

ಆ ಕಡೆಯಿಂದ ಮೂಗು ಸೀಟಿದ ಸದ್ದು ಬಂತು. "ಇಪ್ಪತ್ತೆರಡು ವರ್ಷ ಕಾದಿದ್ದಕ್ಕೂ ಸಾರ್ಥಕ ಆಯ್ತು ರೀ," ಎಂದು ಅವಳು ಗದ್ಗದ ದನಿಯಲ್ಲಿ ಹೇಳಿ, ಮಹಡಿ ಮನೆಯವರಿಂದ ಶುರುಮಾಡಿದಳು.

ದುಂಡಣ್ಣ ಹೂಂಗುಟ್ಟುತ್ತಾ ಗಡಿಯಾರ ನೋಡುತ್ತಾ ಕೂತ. ಎಡಗಿವಿ ಫೋನಿನಿಂದ ಬಿಸಿಯಾಗುತ್ತಿತ್ತು. ಬಲಗಿವಿಗೆ ಏನೂ ತಾಗಿರಲಿಲ್ಲ. ಆದರೆ ಅವಳ ಸಂತೋಷ ಕೇಳುತ್ತಾ ಕೇಳುತ್ತಾ ಅದೂ ಬಿಸಿಯಾಗತೊಡಗಿತು.